ಟ್ರೇಲರ್ ಯಾವ ಯಂತ್ರದ್ದು ಎಂದು ಮೊದಲು ಹೇಳಿಸಿ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮುಂಬೈ–ಪುಣೆ ಕನ್ನಡಿಗರ ಬಹಿರಂಗ ಪತ್ರ

ಮುಖ್ಯ ಆಯುಕ್ತರಿಗೆ,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ

ಮಾನ್ಯರೇ,

ಗ್ರ್ಯಾಂಡ್ ಥೆಫ್ಟ್ ಆಟೊ 6 ಎಂಬ ವಿಡಿಯೊ ಗೇಮ್‌ನ ಮೊದಲ ಟ್ರೇಲರ್ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಬಿಡುಗಡೆ 2025ರಲ್ಲಿ ಎಂದು ಮೊದಲು ಹೇಳಿದರು. ಬಳಿಕ 2026ರ ಮೇ 26 ಎಂದರು. ಅದೂ ಮುಂದೆ ಹೋಗಿ ನವೆಂಬರ್ 19 ಎಂದು ಘೋಷಣೆಯಾಯಿತು. ಡೊಂಬಿವಲಿಯಿಂದ ಪಿಂಪ್ರಿ–ಚಿಂಚ್‌ವಡದವರೆಗೆ ಕನ್ನಡದ ಮನೆಗಳಲ್ಲಿ ಮಕ್ಕಳು ಈಗಾಗಲೇ ಬೇಡಿಕೆ ಇಟ್ಟಾಗಿದೆ: ಹೊಸ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಬೇಕು, ಗೇಮ್ ಬೇಕು. ಅಪ್ಪ–ಅಮ್ಮ ಕೇಳುವುದು ಒಂದೇ ಪ್ರಶ್ನೆ: ಇಷ್ಟು ದುಡ್ಡು ಸುರಿದರೆ ಅದು ಹೇಳಿದಷ್ಟು ಚೆನ್ನಾಗಿರುತ್ತದೆಯೇ?

ನಾವು ಮುಂಬೈ, ಪುಣೆಗಳಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ, ಗೇಮ್‌ಗಳ ಓಟವನ್ನು ಅಳೆದು ನೋಡುವ ಕನ್ನಡಿಗರು. ಈ ಪ್ರಶ್ನೆಗೆ ದುಡ್ಡು ಕೊಡುವ ಮೊದಲೇ ಸರಿಯಾದ ಉತ್ತರ ಸಿಗುವುದು ಸಾಧ್ಯ. ಸಿಗುತ್ತಿಲ್ಲ, ಏಕೆಂದರೆ ಮಾರುವವರು ಕೆಲವು ಸಾದಾ ಸಂಗತಿಗಳನ್ನು ಹೇಳುವುದಿಲ್ಲ, ಹೇಳಲೇಬೇಕೆಂಬ ನಿಯಮವೂ ಇಲ್ಲ. ಆ ನಿಯಮ ಮಾಡಿ ಎಂದು ಕೇಳಲು ಈ ಪತ್ರ.

ಮೊದಲಿಗೆ ಸೈಬರ್‌ಪಂಕ್ 2077ರ ವಿಷಯ. ದೇಶದ ಯಾವುದೇ ಗ್ರಾಹಕ ಅಧಿಕಾರಿ ಈ ಪ್ರಕರಣವನ್ನು ಒಮ್ಮೆ ಪೂರ್ತಿ ಓದಬೇಕು. 2012ರಲ್ಲಿ ಘೋಷಣೆಯಾದ ಗೇಮ್ ಅದು. 2020ರಲ್ಲಿ ಏಪ್ರಿಲ್, ಸೆಪ್ಟೆಂಬರ್, ನವೆಂಬರ್ ಎಂದು ಮುಂದೂಡುತ್ತಾ ಡಿಸೆಂಬರ್ 10ಕ್ಕೆ ಬಂತು. ಅಷ್ಟರಲ್ಲಿ 80 ಲಕ್ಷ ಪ್ರೀ-ಆರ್ಡರ್, ಅಂದರೆ ಬಿಡುಗಡೆಗೆ ಮುಂಚಿನ ಖರೀದಿ, ಆಗಿತ್ತು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ತಾವೇ ಆಡಿ ರೆಕಾರ್ಡ್ ಮಾಡಿದ ದೃಶ್ಯ ತೋರಿಸಲೂ ಅವರಿಗೆ ಅನುಮತಿ ಇರಲಿಲ್ಲ. ಹಳೆಯ ಕನ್ಸೋಲ್‌ಗಳಲ್ಲೂ ಗೇಮ್ ಚೆನ್ನಾಗಿಯೇ ಓಡುತ್ತದೆ ಎಂದು ಕಂಪನಿ ಹೂಡಿಕೆದಾರರಿಗೆ ಹೇಳಿತ್ತು.

ಸೋನಿ ಕಂಪನಿಯ ಹಳೆಯ ಕನ್ಸೋಲ್ ಆದ ಮೂಲ ಪ್ಲೇಸ್ಟೇಷನ್ 4ರಲ್ಲಿ ಅದು ಓಡಿದ ರೀತಿ ಬೇರೆಯೇ. ಗುರಿ ಸೆಕೆಂಡಿಗೆ 30 ಫ್ರೇಮ್, ಅಂದರೆ ಪರದೆಯ ಮೇಲೆ ಒಂದರ ಹಿಂದೊಂದು 30 ಚಿತ್ರ. ಕಾರು ಓಡಿಸುವಾಗ, ಜನಜಂಗುಳಿಯಲ್ಲಿ ಅದು 20ಕ್ಕಿಂತ ಕೆಳಗೆ ಬೀಳುತ್ತಿತ್ತು. ಕಾರಣ ನಿಗೂಢವಲ್ಲ. ನಗರದ ಒಂದೊಂದು ಬೀದಿಯನ್ನೂ ಆಟಗಾರ ಮುಂದೆ ಸಾಗಿದ ಹಾಗೆ ಡಿಸ್ಕ್‌ನಿಂದ ಓದಿ ಮೆಮೊರಿಗೆ ತುಂಬಬೇಕು. 2013ರ ಆ ಯಂತ್ರದಲ್ಲಿರುವುದು ನಿಧಾನವಾಗಿ ತಿರುಗುವ ಹಾರ್ಡ್ ಡಿಸ್ಕ್, ಅದರ ಜೊತೆಗೆ ಆ ಕಾಲಕ್ಕೇ ದುರ್ಬಲವಾಗಿದ್ದ ಪ್ರೊಸೆಸರ್. ಓದಿ ಮುಗಿಯುವಷ್ಟರಲ್ಲಿ ಕಾರು ಮುಂದಿನ ಬೀದಿ ತಲುಪಿರುತ್ತದೆ. ಕಟ್ಟಡಗಳು ಮಣ್ಣುಮುದ್ದೆಯ ಹಾಗೆ ಕಾಣುತ್ತವೆ, ಜನ ಗಾಳಿಯಿಂದ ಉದುರಿದ ಹಾಗೆ ಎದುರಿಗೆ ಬರುತ್ತಾರೆ. ಇದು ತಯಾರಕರಿಗೆ ಬಿಡುಗಡೆಯ ದಿನ ತಿಳಿದ ಸಂಗತಿಯಾಗಿರಲು ಸಾಧ್ಯವೇ ಇಲ್ಲ. ಒಂದು ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಗೇಮ್ ತೆಗೆದುಹಾಕಿ ರಿಫಂಡ್ ಘೋಷಿಸಿತು. ಗೇಮ್ ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಆ ಗೇಮ್ ಆಮೇಲೆ ಸರಿಹೋಯಿತಲ್ಲ ಎಂದು ಹೇಳುವವರಿದ್ದಾರೆ. ಹೌದು. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ನಂತರ ಅದು ನಿಜಕ್ಕೂ ಅದ್ಭುತ ಗೇಮ್. ಇದನ್ನು ಮನಸಾರೆ ಹೇಳುತ್ತೇವೆ. ಆದರೆ ಆ 2.0 ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬರಲೇ ಇಲ್ಲ. ಮೊದಲು ನಂಬಿ ದುಡ್ಡು ಕೊಟ್ಟ, ಹೊಸ ಯಂತ್ರ ಕೊಳ್ಳಲಾಗದವರಿಗೆ ಸರಿಯಾದ ಗೇಮ್ ಸಿಗಲಿಲ್ಲ. ನಮ್ಮಲ್ಲಿ ಕನ್ಸೋಲ್ ಎಂದರೆ ಮನೆಯ ದೊಡ್ಡ ಖರ್ಚು. ಒಮ್ಮೆ ಕೊಂಡರೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಚಿಕ್ಕಪ್ಪನ ಮಗನಿಗೆ ಹೋಗುತ್ತದೆ. ಆದ್ದರಿಂದ ಹಳೆಯ ಯಂತ್ರದಲ್ಲಿ ಗೇಮ್ ಹೇಗೆ ಓಡುತ್ತದೆ ಎಂಬುದು ಭಾರತದ ಗ್ರಾಹಕರಿಗೆ ಮೊದಲ ಪ್ರಶ್ನೆ.

ಈಗಿನ ಪೀಳಿಗೆಯಲ್ಲೂ ಇದೇ ಪ್ರಶ್ನೆ ಇದೆ. ಗ್ರ್ಯಾಂಡ್ ಥೆಫ್ಟ್ ಆಟೊ 6ರ ಎರಡನೇ ಟ್ರೇಲರ್ ಪೂರ್ತಿಯಾಗಿ ಪ್ಲೇಸ್ಟೇಷನ್ 5ರಲ್ಲಿ ಚಿತ್ರಿತ ಎಂದು ತಯಾರಕರೇ ಹೇಳಿದರು. ಯಂತ್ರದ ಹೆಸರು ಹೇಳಿದ್ದು ಒಳ್ಳೆಯದು, ಎಲ್ಲರೂ ಹಾಗೆ ಹೇಳಬೇಕು. ಆದರೆ ಅದೇ ಗೇಮ್ ಮೈಕ್ರೊಸಾಫ್ಟ್‌ನ ಕಡಿಮೆ ಶಕ್ತಿಯ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಬರಲಿದೆ. ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಮೆಮೊರಿ, ಸೀರೀಸ್ ಎಸ್‌ನಲ್ಲಿ 10 ಜಿಬಿ. ಬಾಲ್ಡರ್ಸ್ ಗೇಟ್ 3 ಎಂಬ ಗೇಮ್ ಪಿಸಿಗೆ 2023ರ ಆಗಸ್ಟ್‌ನಲ್ಲೇ ಬಂದರೂ ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ವರೆಗೆ ಬಾರದಿದ್ದುದು ಇದೇ ಸೀರೀಸ್ ಎಸ್‌ನಲ್ಲಿ ಇಬ್ಬರು ಪರದೆ ಹಂಚಿಕೊಂಡು ಆಡುವ ಸೌಲಭ್ಯ ಓಡದೆ ಇದ್ದುದರಿಂದ. ಕಡಿಮೆ ಬೆಲೆಗೆಂದು ಸೀರೀಸ್ ಎಸ್ ತಂದ ಮನೆಯವರಿಗೆ ತೋರಿಸಬೇಕಾದದ್ದು ಸೀರೀಸ್ ಎಸ್‌ನ ದೃಶ್ಯವನ್ನೇ.

ಇನ್ನು ಪಿಸಿ. ಇಲ್ಲಿ ಗೊಂದಲ ಹೆಚ್ಚು, ಮೋಸಕ್ಕೆ ಅವಕಾಶವೂ ಹೆಚ್ಚು; ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಪ್ರತಿ ಗೇಮ್‌ನ ಮಾರಾಟದ ಪುಟದಲ್ಲಿ ಕಂಪ್ಯೂಟರ್ ಹೇಗಿರಬೇಕು ಎಂದು ಹೇಳುವ ‘ಕನಿಷ್ಠ’ ಮತ್ತು ‘ಶಿಫಾರಸು’ ಎಂಬ ಎರಡು ಪಟ್ಟಿ ಇರುತ್ತದೆ. ಮುಂಬೈಯ ಕಂಪ್ಯೂಟರ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಗ್ರಾಹಕರು ಆ ಪಟ್ಟಿ ಹಿಡಿದುಕೊಂಡೇ ಗೇಮ್‌ನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಾರೆ. ಅನೇಕ ಪಟ್ಟಿಗಳಲ್ಲಿ ಯಾವ ರೆಸಲ್ಯೂಷನ್ (ಚಿತ್ರದಲ್ಲಿ ಎಷ್ಟು ಚುಕ್ಕೆಗಳು), ಎಷ್ಟು ಫ್ರೇಮ್, ಯಾವ ಸೆಟ್ಟಿಂಗ್ ಎಂಬುದೇ ಇರುವುದಿಲ್ಲ. ಇದ್ದರೂ ಸಾಲದು. 1080ಪಿ, ಅಂದರೆ ಚಿತ್ರದಲ್ಲಿ 1080 ಅಡ್ಡಸಾಲು, ಎಂದು ಬರೆದು ಸಣ್ಣ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ತಂತ್ರವನ್ನು ‘ಕ್ವಾಲಿಟಿ’ಯಲ್ಲಿ ಹಾಕಿದ್ದರೆ ಕಾರ್ಡ್ ನಿಜಕ್ಕೂ ಬಿಡಿಸುವುದು 720ಪಿ ಚಿತ್ರ. ‘ಪರ್ಫಾರ್ಮೆನ್ಸ್’ ಹಾಕಿದರೆ 540ಪಿ. ಉಳಿದದ್ದನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಅದು ಕೆಟ್ಟ ತಂತ್ರಜ್ಞಾನ ಅಲ್ಲ, ದೊಡ್ಡ ಪರದೆಗೆ ಬಹಳ ಉಪಕಾರಿ. ಆದರೆ ಹೇಳದೆ ಬಳಸಿದರೆ ಅಳತೆಯೇ ಸುಳ್ಳು.

ಇದಕ್ಕಿಂತ ಗಂಭೀರವಾದದ್ದು ‘ಫ್ರೇಮ್ ಜನರೇಷನ್’. ಕಾರ್ಡ್ ಬಿಡಿಸಿದ ಎರಡು ಚಿತ್ರಗಳ ನಡುವೆ ತಂತ್ರಾಂಶ ಇನ್ನೊಂದನ್ನು ಸೃಷ್ಟಿಸಿ ಸೇರಿಸುತ್ತದೆ. ಪರದೆಯ ಮೂಲೆಯ ಅಂಕಿ 30ರಿಂದ 60 ಆಗುತ್ತದೆ. ಆದರೆ ಗುಂಡಿ ಒತ್ತಿದ ಮೇಲೆ ಕತ್ತಿ ಬೀಸಲು ಹಿಡಿಯುವ ಸಮಯ 30 ಫ್ರೇಮ್‌ನದೇ, ಕೆಲವೊಮ್ಮೆ ಅದಕ್ಕಿಂತಲೂ ನಿಧಾನ. ಇಂಥ ತಂತ್ರ ತಯಾರಿಸುವ ಎಎಮ್‌ಡಿ ಕಂಪನಿಯೇ ಮೊದಲು 60 ಫ್ರೇಮ್ ಇರಲಿ, ಆಮೇಲೆ ಇದನ್ನು ಬಳಸಿ ಎನ್ನುತ್ತದೆ. ಹೀಗಿದ್ದೂ 2025ರ ಫೆಬ್ರವರಿಯಲ್ಲಿ ಬಂದ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್‌ನ ಶಿಫಾರಸು ಪಟ್ಟಿಯಲ್ಲಿ 1080ಪಿಗೆ 60 ಫ್ರೇಮ್ ಎಂಬುದನ್ನು ಫ್ರೇಮ್ ಜನರೇಷನ್ ಸೇರಿಸಿಯೇ ಲೆಕ್ಕ ಹಾಕಿದ್ದರು. ಅದನ್ನು ಬಚ್ಚಿಡದೆ ಬರೆದಿದ್ದರು, ತಮ್ಮ ಯಂತ್ರದ ಓಟ ಅಳೆದು ನೋಡುವ ಉಚಿತ ತಂತ್ರಾಂಶ, ಬೆಂಚ್‌ಮಾರ್ಕ್, ಕೂಡ ಕೊಟ್ಟಿದ್ದರು. ಆ ಮಟ್ಟಿಗೆ ಮೆಚ್ಚಬೇಕು. ಆದರೆ ಪಟ್ಟಿ ಓದುವ ತಂದೆಗೆ ಆ ಒಂದು ಪದದ ಭಾರ ಗೊತ್ತಾಗುವುದಿಲ್ಲ. ಬಿಡುಗಡೆಯ ದಿನವೇ ಪಿಸಿ ಆಟಗಾರರ ದೂರುಗಳು ಸಾಲುಗಟ್ಟಿದವು.

‘ಸರಾಸರಿ 60 ಫ್ರೇಮ್’ ಎಂಬ ಮಾತೂ ಮೋಸಗೊಳಿಸುತ್ತದೆ. ಲೆಕ್ಕ ನೋಡಿ: ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡ್, ಉಳಿದ ಒಂದೇ ಒಂದು 115 ಮಿಲಿಸೆಕೆಂಡ್ ತೆಗೆದುಕೊಂಡರೆ ಒಟ್ಟು ಸರಿಯಾಗಿ 1000. ಸರಾಸರಿ 60. ಆದರೆ ಆ ಒಂದು ಫ್ರೇಮ್‌ನಲ್ಲಿ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ, ಪ್ರತಿ ಸೆಕೆಂಡೂ. ಆಡುವವನ ತಲೆ ನೋಯುವುದು ಇದರಿಂದ. ಆದ್ದರಿಂದ ಸರಾಸರಿಯ ಪಕ್ಕದಲ್ಲಿ ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ವೇಗವನ್ನು, ಆಡುಮಾತಿನಲ್ಲಿ ‘ಒನ್ ಪರ್ಸೆಂಟ್ ಲೋ’ ಎನ್ನುವುದನ್ನು, ಕಡ್ಡಾಯವಾಗಿ ಬರೆಸಬೇಕು. 2022ರ ಎಲ್ಡನ್ ರಿಂಗ್ ಗೇಮ್ ಆಗಿ ಎಲ್ಲ ನಿರೀಕ್ಷೆಯನ್ನೂ ಮೀರಿತು. ಆದರೂ ಪಿಸಿಯಲ್ಲಿ ಮೊದಲ ದಿನಗಳಲ್ಲಿ ಹೀಗೆ ತಡವರಿಸುತ್ತಿತ್ತು. ಕಥೆ, ವಿನ್ಯಾಸ ಚೆನ್ನಾಗಿದೆಯೇ ಎಂಬುದು ಒಂದು ಪ್ರಶ್ನೆ, ನನ್ನ ಯಂತ್ರದಲ್ಲಿ ಓಡುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದು ಅಭಿರುಚಿಯ ವಿಷಯ, ಪ್ರಾಧಿಕಾರ ಅದರಲ್ಲಿ ತಲೆ ಹಾಕಬೇಕಿಲ್ಲ. ಎರಡನೆಯದು ಅಳತೆಯ ವಿಷಯ.

ಪುಣೆಯ ಹಾಸ್ಟೆಲ್‌ಗಳಲ್ಲಿರುವ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಯ ವಿದ್ಯಾರ್ಥಿಗಳ ಕೈಯಲ್ಲಿರುವುದು ಲ್ಯಾಪ್‌ಟಾಪ್. ಪಟ್ಟಿಯಲ್ಲಿ ‘ಆರ್‌ಟಿಎಕ್ಸ್ 4060’ ಎಂಬ ಗ್ರಾಫಿಕ್ಸ್ ಕಾರ್ಡ್ ಇದ್ದರೆ ತಮ್ಮಲ್ಲೂ ಅದೇ ಇದೆ ಎಂದುಕೊಳ್ಳುತ್ತಾರೆ. ಲ್ಯಾಪ್‌ಟಾಪ್‌ನ 4060ಕ್ಕೆ ಕೊಡುವ ವಿದ್ಯುತ್ 35 ವಾಟ್‌ನಿಂದ 115 ವಾಟ್‌ವರೆಗೆ ಏನೂ ಆಗಿರಬಹುದು. ಹೆಸರು ಒಂದೇ, ಓಟ ಬೇರೆ. ಜೊತೆಗೆ ಅನೇಕ ಲ್ಯಾಪ್‌ಟಾಪ್‌ಗಳು ಒಂದೇ ರ್‍ಯಾಮ್ ಕಡ್ಡಿ ಹಾಕಿಕೊಂಡು ಬರುತ್ತವೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಮೇಲು, ಏಕೆಂದರೆ ಎರಡಿದ್ದರೆ ಪ್ರೊಸೆಸರ್‌ಗೆ ಮಾಹಿತಿ ಎರಡು ದಾರಿಯಿಂದ ಹರಿಯುತ್ತದೆ. ಕೋಣೆಯ ಸೆಕೆಯೂ ಲೆಕ್ಕಕ್ಕೆ ಬರುತ್ತದೆ. ಎಸಿ ಹಾಕಿದ 24 ಡಿಗ್ರಿಯ ಕೋಣೆಯಲ್ಲಿ ಅಳೆದ ಅಂಕಿ ಮುಂಬೈಯ ಮೇ ತಿಂಗಳ 33 ಡಿಗ್ರಿಯ ಚಾಳಿನ ಕೋಣೆಯಲ್ಲಿ ಬರಲಾರದು. ಚಿಪ್ ಕಾದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಗ್ರಾಫಿಕ್ಸ್ ಕಾರ್ಡ್‌ನ ಸ್ವಂತ ಮೆಮೊರಿಯದು ಇನ್ನೊಂದು ತೊಡಕು. 2023ರ ಮಾರ್ಚ್ 28ರಂದು ಪಿಸಿಗೆ ಬಂದ ದಿ ಲಾಸ್ಟ್ ಆಫ್ ಅಸ್ ಭಾಗ 1ರಲ್ಲಿ 8 ಜಿಬಿ ಕಾರ್ಡ್‌ಗಳೂ ತಿಣುಕಿದವು. ಮೆಮೊರಿ ತುಂಬಿದೊಡನೆ ಚಿತ್ರಗಳ ಮೇಲ್ಮೈಯನ್ನು ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ನಿಂದ ಎಳೆದು ತರಬೇಕಾಗುತ್ತದೆ, ಆ ದಾರಿ ಕಿರಿದು, ಆಟ ಮುಗ್ಗರಿಸುತ್ತದೆ. ಪ್ಯಾಚ್‌ಗಳು, ಅಂದರೆ ದೋಷ ತಿದ್ದುವ ಅಪ್‌ಡೇಟ್‌ಗಳು, ಬಂದ ಮೇಲೆ ಸುಧಾರಿಸಿತು.

ಅದೇ ಗೇಮ್ ರಿಫಂಡ್ ನಿಯಮದ ತೂತನ್ನೂ ತೋರಿಸಿತು. ಪಿಸಿ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸು. ನ್ಯಾಯವಾದ ನಿಯಮವೇ. ಆದರೆ ಈ ಗೇಮ್ ಮೊದಲ ಬಾರಿ ತೆರೆದಾಗ ‘ಶೇಡರ್’ ತಯಾರಿಸಿಕೊಳ್ಳುತ್ತದೆ: ಬೆಳಕು–ನೆರಳು ಬಿಡಿಸುವ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಆಯಾ ಕಾರ್ಡ್‌ಗೆ ತಕ್ಕಂತೆ ಸಿದ್ಧಪಡಿಸುವ ಕೆಲಸ. ಸಾಧಾರಣ ಪ್ರೊಸೆಸರ್‌ಗಳಲ್ಲಿ ಇದಕ್ಕೇ ಅರ್ಧ ಗಂಟೆ ಮೀರುತ್ತಿತ್ತು. ಆ ಸಮಯವೂ ‘ಆಡಿದ ಸಮಯ’ ಎಂದೇ ಎಣಿಕೆ. ಯಂತ್ರ ದುರ್ಬಲವಾದಷ್ಟೂ ಶೇಡರ್‌ಗೆ ಹೆಚ್ಚು ಹೊತ್ತು. ಅಂದರೆ ರಿಫಂಡ್ ಯಾರಿಗೆ ಹೆಚ್ಚು ಬೇಕೋ ಅವರಿಗೇ ಪರೀಕ್ಷಿಸಲು ಕಡಿಮೆ ಸಮಯ. ಪ್ಲೇಸ್ಟೇಷನ್ ಅಂಗಡಿಯಲ್ಲಂತೂ ಡೌನ್‌ಲೋಡ್ ಶುರುವಾದರೆ, ದೋಷ ಸಾಬೀತಾದ ಹೊರತು, ರಿಫಂಡ್ ಇಲ್ಲ. ಡೌನ್‌ಲೋಡ್ ಮಾಡದೆ ದೋಷ ತಿಳಿಯುವುದು ಹೇಗೆ? ಗೋಗ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ 30 ದಿನ, ಆಡಿದ ಮೇಲೂ ರಿಫಂಡ್ ಕೊಡುತ್ತದೆ. ಹೀಗೂ ವ್ಯಾಪಾರ ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮೂರಿನ ಗೇಮ್‌ಗಳನ್ನೂ ಇದೇ ಅಳತೆಯಲ್ಲಿ ನೋಡಬೇಕು. ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್‌ನ ಮರುನಿರ್ಮಾಣ 2020ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದಾಗ ಅದು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳ ಕೆಲಸ. ಹೆಮ್ಮೆಯ ವಿಷಯವಾಗಿತ್ತು. ಟ್ರೇಲರ್ ಜೊತೆಗೇ ದಿನಾಂಕವೂ ಬಂತು: 2021ರ ಜನವರಿ 21. ಗ್ರಾಫಿಕ್ಸ್ ಹಳೆಯದಾಗಿ ಕಾಣುತ್ತದೆ ಎಂದು ಟೀಕೆ ಬಂದು ಮಾರ್ಚ್‌ಗೆ, ಮತ್ತೆ ಅನಿರ್ದಿಷ್ಟಕ್ಕೆ ಹೋಯಿತು. 2022ರ ಮೇನಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು. ಈ ಊರಿನ ಕಲಾವಿದರು, ಪ್ರೋಗ್ರಾಮರ್‌ಗಳು ಮಾಡಿದ್ದು ಜನರ ಕೈ ಸೇರಲಿಲ್ಲ. ಸಿದ್ಧವಾಗುವ ಮೊದಲೇ ತೋರಿಸಿ ದಿನಾಂಕ ಕೂಗುವ ಪದ್ಧತಿ ಕೊಳ್ಳುವವರಿಗಷ್ಟೇ ಅಲ್ಲ, ದುಡಿಯುವವರಿಗೂ ಏಟು ಎಂದು ನಮಗೆ ಗಟ್ಟಿಯಾಗಿ ಅನಿಸುವುದು ಈ ಪ್ರಕರಣದಿಂದ.

ಮೊಬೈಲ್ ಗೇಮ್‌ಗಳಲ್ಲಿ ದುಡ್ಡಿನ ಬದಲು ಮುಂಗಡ ನೋಂದಣಿಯ ಅಂಕಿ ಕೂಗುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದ ಬೆನ್ನಿಗೇ ಘೋಷಣೆಯಾದ ಫೌ-ಜಿ 2021ರ ಜನವರಿ 26ಕ್ಕೆ ಬಂದಾಗ ಜನ ಎದುರು ನೋಡುತ್ತಿದ್ದದ್ದು ಹಲವರು ಕೂಡಿ ಆಡುವ ಯುದ್ಧದಾಟ; ಸಿಕ್ಕಿದ್ದು ಒಬ್ಬರೇ ಆಡುವ ಗಲ್ವಾನ್‌ನ ಹೊಡೆದಾಟ. ಹಲವರು ಆಡುವ ಭಾಗ ಬಂದದ್ದು ತಿಂಗಳುಗಳ ನಂತರ. ಪುಣೆಯ ಸೂಪರ್‌ಗೇಮಿಂಗ್ ತನ್ನ ಇಂಡಸ್ ಬ್ಯಾಟಲ್ ರಾಯಲ್‌ಗೆ 2023ರಲ್ಲಿ ನೋಂದಣಿ ತೆರೆದು, ನಡುವೆ ಸೀಮಿತ ಬೀಟಾಗಳಲ್ಲಿ (ಪರೀಕ್ಷೆಯ ಆವೃತ್ತಿಗಳಲ್ಲಿ) ಆಟಗಾರರಿಂದ ಆಡಿಸಿ ನೋಡಿ, 2024ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. ಕಾಯಿಸಿದ್ದು ದೀರ್ಘ, ದಾರಿ ಮಾತ್ರ ಸರಿಯಾದದ್ದು.

ಆನ್‌ಲೈನ್ ಗೇಮ್‌ಗಳ ಬಗ್ಗೆ ಎರಡೇ ಮಾತು. ಸರ್ವರ್ ಮುಂಬೈಯಲ್ಲಿದೆಯೋ ಸಿಂಗಪುರದಲ್ಲೋ ಎಂದು ಮಾರುವ ಮೊದಲೇ ಬರೆಯಲಿ; ಗುಂಡು ಹಾರಿಸುವ ಆಟದಲ್ಲಿ ಸೋಲು–ಗೆಲುವು ತೀರ್ಮಾನವಾಗುವುದೇ ಆ ದೂರದಲ್ಲಿ. ಸರ್ವರ್ ಎಷ್ಟು ವರ್ಷ ನಡೆಸುತ್ತೀರಿ ಎಂದೂ ಬರೆಯಲಿ. ಕಾನ್‌ಕಾರ್ಡ್ ಎಂಬ ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿತು, ದುಡ್ಡು ಮರಳಿ ಸಿಕ್ಕಿತು. ದಿ ಕ್ರೂ ಎಂಬ ಕಾರ್ ಓಟದ ಗೇಮ್ 2024ರ ಮಾರ್ಚ್ 31ಕ್ಕೆ ಮುಚ್ಚಿದಾಗ ಒಬ್ಬರೇ ಆಡುವ ಭಾಗವೂ ಸತ್ತುಹೋಯಿತು.

ಮಾನ್ಯರೇ, ಕಾನೂನು ನಿಮ್ಮ ಕೈಯಲ್ಲಿದೆ. 2020ರ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಉತ್ಪನ್ನಗಳಿಗೂ, ಇಲ್ಲಿ ಕಚೇರಿ ಇಲ್ಲದೆ ಭಾರತದ ಗ್ರಾಹಕರಿಗೆ ಮಾರುವ ಕಂಪನಿಗಳಿಗೂ ಅನ್ವಯಿಸುತ್ತವೆ. 2019ರ ಕಾಯ್ದೆಯ 18ನೇ ಸೆಕ್ಷನ್ ನಿಮಗೆ ಮಾರ್ಗಸೂಚಿ ಹೊರಡಿಸುವ ಅಧಿಕಾರ ಕೊಟ್ಟಿದೆ, 21ನೆಯದು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ. 2023ರ ನವೆಂಬರ್‌ನಲ್ಲಿ ನೀವೇ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಮರುಳು ಮಾಡುವ ತಂತ್ರ) ಮಾರ್ಗಸೂಚಿಯಲ್ಲಿ ಸುಳ್ಳು ತುರ್ತು ಹುಟ್ಟಿಸುವುದು ತಪ್ಪು ಎಂದಿದೆ. ಡೌನ್‌ಲೋಡ್ ಮಾಡುವ ಗೇಮ್‌ನ ಸ್ಟಾಕ್ ಎಂದಿಗೂ ಮುಗಿಯುವುದಿಲ್ಲ. ಹಾಗಿರುವಾಗ ‘ಈಗಲೇ ಬುಕ್ ಮಾಡಿ, ಗೇಮ್‌ನ ಪಾತ್ರಕ್ಕೆ ತೊಡಿಸುವ ಈ ಉಡುಪು ಆಮೇಲೆ ಸಿಗದು’ ಎಂಬ ಒತ್ತಡವನ್ನು ಆ ಕಣ್ಣಿನಿಂದ ಒಮ್ಮೆ ಪರಿಶೀಲಿಸಿ.

ಬಿಡುಗಡೆ ಆದ ಮೇಲೆ ದೂರು ಕೊಡಲಿ ಎಂದರೆ ಸಾಲದು. ನೋ ಮ್ಯಾನ್ಸ್ ಸ್ಕೈ ಎಂಬ ಗೇಮ್ 2016ರಲ್ಲಿ ಬಂದಾಗ, ಅದರ ಜಾಹೀರಾತು ದಾರಿ ತಪ್ಪಿಸುತ್ತದೆ ಎಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಸಂಸ್ಥೆಗೆ ದೂರುಗಳು ಹೋದವು. ತನಿಖೆ ಮುಗಿದಾಗ ನಿಯಮಭಂಗ ಇಲ್ಲವೆಂದಾಯಿತು. ಮುಂಚಿತವಾಗಿ ಏನು ಹೇಳಲೇಬೇಕು ಎಂಬ ಪಟ್ಟಿ ಇಲ್ಲದಿದ್ದರೆ ಹೀಗೇ ಆಗುವುದು. ಮಹಾರಾಷ್ಟ್ರದಲ್ಲಿ ಮನೆ ಕೊಂಡವರಿಗೆ ಇದು ಹೊಸತಲ್ಲ: ‘ಸೂಪರ್ ಬಿಲ್ಟ್-ಅಪ್’ ಅಡಿಗಳ ಲೆಕ್ಕದಲ್ಲಿ ಫ್ಲಾಟ್ ಮಾರುತ್ತಿದ್ದ ಬಿಲ್ಡರ್‌ಗಳು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ನಂತರ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸಲು ಸಿಗುವ ಜಾಗ, ಹೇಳಲೇಬೇಕಾಯಿತು. ಫ್ಲಾಟ್ ಸುಂದರವೇ ಎಂದು ಸರ್ಕಾರ ತೀರ್ಪು ಕೊಡುವುದಿಲ್ಲ, ಅಳತೆ ಎಲ್ಲರಿಗೂ ಒಂದೇ ಇರಲಿ ಎನ್ನುತ್ತದೆ.

ಗೇಮ್‌ನ ಕಾರ್ಪೆಟ್ ಏರಿಯಾ ಇಷ್ಟು: ಮಾರುವ ಯಂತ್ರಗಳಲ್ಲಿ ಅತಿ ದುರ್ಬಲವಾದದ್ದರಲ್ಲಿ ಚಿತ್ರಿಸಿದ, ಕತ್ತರಿ ಆಡಿಸದ 10 ನಿಮಿಷದ ಆಟ, ಅದರಲ್ಲಿ ಜನಸಂದಣಿಯ ಒಂದು ದೃಶ್ಯ ಇರಲೇಬೇಕು. ಪಿಸಿ ಪಟ್ಟಿಯಲ್ಲಿ ನಿಜವಾಗಿ ಬಿಡಿಸುವ ರೆಸಲ್ಯೂಷನ್, ಫ್ರೇಮ್ ಜನರೇಷನ್ ಇಲ್ಲದ ವೇಗ, ಒನ್ ಪರ್ಸೆಂಟ್ ಲೋ. ಪ್ರತಿ ಯಂತ್ರದ ಪ್ರತಿಯೂ ವಿಮರ್ಶಕರಿಗೆ ಬಿಡುಗಡೆಗೆ ಮೊದಲೇ ತಲುಪುವುದು. ತಲುಪದಿದ್ದರೆ ಆ ಯಂತ್ರಕ್ಕೆ ಮುಂಗಡ ಹಣ ಪಡೆಯದಿರುವುದು. ಶೇಡರ್ ಸಮಯ ರಿಫಂಡ್ ಲೆಕ್ಕದಿಂದ ಹೊರಗೆ. ಇದ್ಯಾವುದೂ ಆಗದ ಕೆಲಸವಲ್ಲ. ಬ್ಲ್ಯಾಕ್ ಮಿತ್: ವುಕಾಂಗ್ ತಯಾರಕರು 2024ರ ಆಗಸ್ಟ್‌ನಲ್ಲಿ ಬಿಡುಗಡೆಗೆ ವಾರ ಮೊದಲೇ ಉಚಿತ ಬೆಂಚ್‌ಮಾರ್ಕ್ ಕೊಟ್ಟರು. ಯಾರ ಯಂತ್ರದಲ್ಲಿ ಹೇಗೆ ಓಡುತ್ತದೆಂದು ಅವರವರೇ ನೋಡಿಕೊಂಡರು, ಗೇಮ್ ಭರ್ಜರಿಯಾಗಿ ಮಾರಾಟವೂ ಆಯಿತು.

ನಿಯಮ ಬರುವವರೆಗೆ ನಮ್ಮ ಜನರಿಗೂ ನಾಲ್ಕು ಮಾತು ಇಲ್ಲೇ ಹೇಳುತ್ತೇವೆ. ಪ್ರೀ-ಆರ್ಡರ್ ಮಾಡಬೇಡಿ. ಮಾಡಿದ್ದರೆ ಕನ್ಸೋಲ್‌ನಲ್ಲಿ ಆಟೊ ಡೌನ್‌ಲೋಡ್ ಆಫ್ ಮಾಡಿ. ವಿಮರ್ಶೆಗಳ ತಡೆ ಬಿಡುಗಡೆಯ ಗಳಿಗೆಯವರೆಗೂ ತೆರವಾಗದಿದ್ದರೆ ಎರಡು ವಾರ ಕಾಯಿರಿ. ಹೊಗಳುವ ವಿಡಿಯೊ ನೋಡುವಾಗ ಪ್ರಾಯೋಜಿತ ಎಂಬ ಸೂಚನೆ ಹುಡುಕಿ. ಕಂಪನಿಯೊಂದಿಗೆ ವ್ಯವಹಾರವಿದ್ದರೆ ತಿಳಿಸುವುದು ನಮ್ಮಲ್ಲಿ ಕಡ್ಡಾಯ. ಪಿಸಿಯಾದರೆ ಮೊದಲು ಗ್ರಾಫಿಕ್ಸ್ ಡ್ರೈವರ್ ಹೊಸದು ಮಾಡಿ, ಎಸ್‌ಎಸ್‌ಡಿಯಲ್ಲಿ ಜಾಗ ತೆರವು ಮಾಡಿ, ಆಮೇಲೆ ಕೊಳ್ಳಿ. 100 ಎಂಬಿಪಿಎಸ್ ಕೇಬಲ್ ಇಂಟರ್‌ನೆಟ್‌ನಲ್ಲಿ 100 ಜಿಬಿಯ ಗೇಮ್ ಇಳಿಯಲು ಎಲ್ಲ ಸರಿಯಿದ್ದರೂ ಸುಮಾರು 2 ಗಂಟೆ 15 ನಿಮಿಷ ಬೇಕು; ಡಿಸ್ಕ್ ತಂದರೂ ಮೊದಲ ದಿನದ ಪ್ಯಾಚ್ ತಪ್ಪಿದ್ದಲ್ಲ.

ತೆರೆದ ಮೇಲೆ ಫ್ರೇಮ್ ಜನರೇಷನ್ ಆಫ್ ಮಾಡಿ, ಟೆಕ್ಸ್ಚರ್ (ಚಿತ್ರಗಳ ಮೇಲ್ಮೈಯ ವಿವರ) ಅನ್ನು ಕಾರ್ಡ್ ಮೆಮೊರಿಗೆ ತಕ್ಕಷ್ಟೇ ಇಡಿ, ಬಾಗಿಲು ಮುಚ್ಚಿದ ಆರಂಭದ ದೃಶ್ಯ ನೋಡಿ ತೀರ್ಮಾನಿಸದೆ ಬೇಗ ಊರಿನ ನಡುವೆ ಹೋಗಿ ನೋಡಿ. ಆಡಿದ ಸಮಯ ಒಂದೂವರೆ ಗಂಟೆ ತಲುಪುವ ಮೊದಲು ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ ನಿರ್ಧರಿಸಿ. ಗೇಮ್ ಹೇಳಿದ ಹಾಗೆ ಓಡದೆ, ರಿಫಂಡ್ ಕೂಡ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪಾವತಿಯ ರಸೀದಿ, ಕೊಂಡ ದಿನದ ಮಾರಾಟ ಪುಟದ ಸ್ಕ್ರೀನ್‌ಶಾಟ್, ನಿಮ್ಮ ಯಂತ್ರದ ವಿವರ, ಫ್ರೇಮ್ ಅಂಕಿ ಕಾಣುವ ಒಂದು ನಿಮಿಷದ ವಿಡಿಯೊ, ರಿಫಂಡ್ ನಿರಾಕರಿಸಿದ ಉತ್ತರ ಇವಿಷ್ಟನ್ನು ಸಿದ್ಧವಾಗಿಟ್ಟುಕೊಳ್ಳಿ. ಮಾರಾಟ ಪುಟವನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು, ಆದ್ದರಿಂದ ಆ ಸ್ಕ್ರೀನ್‌ಶಾಟ್ ಮಾತ್ರ ದುಡ್ಡು ಕಟ್ಟುವ ಮೊದಲೇ ತೆಗೆದಿಡಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಮುಂಬೈ ಮತ್ತು ಪುಣೆಯ ಕನ್ನಡಿಗ ಗ್ರಾಹಕರು